ದ್ವಾರಪಾಲಕನ ಧರ್ಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಮನೆಯೊಂದರ ಮುಂದೆ ನಿಂತು ನೋಡಿದವರಿಗೆ ಆ ಮನೆಯ ಕಟ್ಟಡದಲ್ಲಿಯೇ ಒಂದು ನೀತಿಯು ಅಡಗಿರುವುದು ಕಾಣುತ್ತದೆ. ಬೀದಿಗೂ ಬಾಗಿಲಿಗೂ ನಡುವೆ ಜಗುಲಿ. ಬಿಸಿಲಿನಲ್ಲಿ ನಡೆದು ಬಂದ ದಾರಿಹೋಕನು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾನೆ; ಬೆಲ್ಲವೂ ನೀರೂ ಅವನಿಗೆ ದೊರೆಯುತ್ತವೆ. ಜಗುಲಿಯನ್ನು ದಾಟಿದರೆ ಹೆಬ್ಬಾಗಿಲು, ಅಲ್ಲಿ "ಯಾರು? ಯಾವ ಊರು?" ಎಂಬ ಪ್ರಶ್ನೆ. ಅದರಾಚೆಗೆ ನಡುಮನೆ; ಅದರ ಮೇಲೆ ಅಟ್ಟ. ಆ ಅಟ್ಟದಲ್ಲಿ ತೆಂಗಿನಕಾಯಿಗಳು ತಿಂಗಳುಗಟ್ಟಲೆ ಮಲಗಿ, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗುತ್ತವೆ. ಸಂಸಾರದ ವರ್ಷದ ದುಡಿಮೆಯೆಲ್ಲವೂ ಅಲ್ಲಿರುತ್ತದೆ. ಜಗುಲಿಯಲ್ಲಿ ಕುಳಿತವನನ್ನು ಎಬ್ಬಿಸಿ ವಿಚಾರಿಸುವ ಯಜಮಾನನಿಲ್ಲ. ಅಟ್ಟದ ಏಣಿಯನ್ನು ಹತ್ತುವವನನ್ನು ವಿಚಾರಿಸದೆ ಬಿಡುವ ಯಜಮಾನನೂ ಇಲ್ಲ. ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂಬ ವಿವೇಕವನ್ನು ಹಿರಿಯರು ಕಲ್ಲು ಮರಗಳಲ್ಲಿಯೇ ಕಟ್ಟಿ ಹೋಗಿದ್ದಾರೆ.

ಇಂದು ಇದೇ ಸೀಮೆಯ ಕಾಲೇಜುಗಳಿಗೂ ಬ್ಯಾಂಕುಗಳಿಗೂ ಕಚೇರಿಗಳಿಗೂ ಮತ್ತೊಂದು ವಿಧವಾದ ಬಾಗಿಲುಗಳು ಬಂದಿವೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಕೂಡಿಸುವ ಪೆಟ್ಟಿಗೆಗೆ ಸ್ವಿಚ್ಚೆಂದು ಹೆಸರು. ದೀಪವನ್ನು ಹೊತ್ತಿಸುವ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಇದರ ಮುಖದಲ್ಲಿ ಇಪ್ಪತ್ತನಾಲ್ಕೋ ನಲವತ್ತೆಂಟೋ ಕಿಂಡಿಗಳಿರುತ್ತವೆ, ಇವೇ ಪೋರ್ಟುಗಳು. ಒಂದೊಂದು ಪೋರ್ಟಿನಿಂದ ಹೊರಟ ತಂತಿಯು ಗೋಡೆಯೊಳಗೆ ಹಾದು ಯಾವುದೋ ಕೊಠಡಿಯ ಮೂಲೆಯಲ್ಲಿ ಬಾಯ್ದೆರೆಯುತ್ತದೆ. ಆ ಬಾಯಿಗೆ ಕಂಪ್ಯೂಟರಿನ ತಂತಿಯನ್ನು ಸಿಕ್ಕಿಸಿದವನು ಸಂಸ್ಥೆಯ ಜಾಲದೊಳಕ್ಕೆ ಬಂದಂತಾಯಿತು. ಬಹುಕಾಲ ಈ ಬಾಗಿಲುಗಳಲ್ಲಿ "ಯಾರು?" ಎಂದು ಕೇಳುವವರೇ ಇರಲಿಲ್ಲ. ಕಟ್ಟಡದೊಳಕ್ಕೆ ಕಾಲಿಟ್ಟವನು ನಮ್ಮವನೇ ಎಂಬ ಭಾವನೆಯೇ ಬೀಗವಾಗಿದ್ದಿತು. ೨೦೦೧ನೆಯ ಇಸವಿಯಲ್ಲಿ ಐಇಇಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು ಪ್ರತಿಯೊಂದು ಪೋರ್ಟಿನಲ್ಲಿಯೂ ಪ್ರಶ್ನೆಯನ್ನು ಕೇಳುವ ವಿಧಾನವನ್ನು ಗೊತ್ತುಮಾಡಿ ಪ್ರಕಟಿಸಿತು. ಅದಕ್ಕೆ ೮೦೨.೧ಎಕ್ಸ್ ಎಂದು ಹೆಸರು. ೨೦೦೪, ೨೦೧೦, ೨೦೨೦ರಲ್ಲಿ ಅದು ಪರಿಷ್ಕಾರಗೊಂಡಿತು. ಈ ವಿಧಾನವನ್ನು ಅಳವಡಿಸಿದ ಕಡೆ, ತಂತಿಯನ್ನು ಸಿಕ್ಕಿಸಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಸಿಕ್ಕಿಸಿದವನು ತಾನು ಯಾರೆಂಬುದನ್ನು ರುಜುವಾತುಪಡಿಸಬೇಕು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಈ ಸೀಮೆಯ ಒಂದು ಕಾಲೇಜು. ಅಲ್ಲಿ ಮೂವತ್ತು ವರ್ಷ ಗ್ರಂಥಭಂಡಾರವನ್ನು ನೋಡಿಕೊಂಡ ಹಿರಿಯರೊಬ್ಬರು. ಪುಸ್ತಕಗಳ ಪಟ್ಟಿಯನ್ನು ಮೊದಲು ಕೈಬರಹದಲ್ಲಿಯೂ ಆಮೇಲೆ ಕಂಪ್ಯೂಟರಿನಲ್ಲಿಯೂ ಸಿದ್ಧಪಡಿಸಿದವರು. ಒಂದು ಸೋಮವಾರ ಬೆಳಗ್ಗೆ ಅವರ ಕಂಪ್ಯೂಟರು ಜಾಲವನ್ನು ಸೇರದೆ ಹೋಗುತ್ತದೆ. ತೆರೆಯ ಮೇಲೆ ಹೆಸರನ್ನೂ ಗುಟ್ಟಿನ ಪದವನ್ನೂ ಕೇಳುವ ಪೆಟ್ಟಿಗೆಯೊಂದು ಏಳುತ್ತದೆ. ಹಿಂದಿನ ವಾರ ಕಳುಹಿಸಿದ್ದ ಸುತ್ತೋಲೆಯನ್ನು ಅವರು ಓದಿರಲಿಲ್ಲ. ಜಾಲವನ್ನು ನೋಡಿಕೊಳ್ಳುವ ತರುಣನು, ಅವರಿಂದಲೇ ಪುಸ್ತಕ ಪಡೆದು ಓದಿದವನು, ಬಂದು ವಿನಯದಿಂದ "ಸಾರ್, ಇನ್ನು ಮುಂದೆ ಎಲ್ಲರೂ ಹೀಗೆಯೇ ಬರಬೇಕು" ಎನ್ನುತ್ತಾನೆ. ಹಿರಿಯರು ಕೇಳುತ್ತಾರೆ: "ಏನಪ್ಪಾ, ನಾನು ಯಾರೆಂಬುದು ನಿನಗೆ ತಿಳಿಯದೆ?" ತರುಣನಿಗೆ ಉತ್ತರ ತೋರುವುದಿಲ್ಲ. ಅವನಿಗೆ ತಿಳಿದಿದೆ, ಬಾಗಿಲಿಗೆ ತಿಳಿಯದು.

ಹಿರಿಯರ ಈ ಪ್ರಶ್ನೆಯು ಕೋಪದಿಂದ ಹುಟ್ಟಿದ್ದಾದರೂ ಅದರಲ್ಲಿ ಧರ್ಮಜಿಜ್ಞಾಸೆಯೊಂದು ಇದೆ. ಪ್ರಾಮಾಣಿಕನಾದವನನ್ನು ಬಾಗಿಲಲ್ಲಿ ತಡೆದು ರುಜುವಾತನ್ನು ಕೇಳುವುದು ಅವನಿಗೆ ಮಾಡುವ ಅವಮಾನವೆ? ಅವಮಾನವಲ್ಲವಾದರೆ, ಎಂತಹ ಪ್ರಶ್ನೆಯು ಅವಮಾನವಾಗುವುದಿಲ್ಲ, ಎಂತಹದು ಆಗುತ್ತದೆ?

ಪೂರ್ವಪಕ್ಷವನ್ನು ಮೊದಲು ಕೇಳಬೇಕು. ಸಮಾಜವು ನಿಂತಿರುವುದು ವಿಶ್ವಾಸದ ಮೇಲೆ. ತೆಂಗಿನ ತೋಟಗಳಲ್ಲಿ ಎಷ್ಟೋ ಕಡೆ ಬೇಲಿಯಿಲ್ಲ. ಬಿದ್ದ ಕಾಯಿಯು ಯಾರ ಮರದ್ದೆಂಬುದು ಊರಿಗೆಲ್ಲ ಗೊತ್ತು. ಬಾಯಿಮಾತಿನ ಮೇಲೆ ಸಾಲ ಕೊಡುತ್ತಾರೆ. ಕೈಯ ಸನ್ನೆಯಿಂದ ವ್ಯಾಪಾರ ಕುದುರುತ್ತದೆ. ಎಲ್ಲಿ ಪ್ರತಿಯೊಬ್ಬನೂ ಪ್ರತಿದಿನವೂ ತಾನು ಕಳ್ಳನಲ್ಲವೆಂದು ತೋರಿಸಿಕೊಳ್ಳಬೇಕಾಗುತ್ತದೆಯೋ ಅಲ್ಲಿ ಕಳ್ಳತನವು ಕಡಿಮೆಯಾದೀತು. ಆದರೆ ಸ್ನೇಹವೂ ಕಡಿಮೆಯಾದೀತು. ಅನುಮಾನದಿಂದ ನೋಡಲ್ಪಟ್ಟವನು ಕಾಲಕ್ರಮದಲ್ಲಿ ಆ ಅನುಮಾನಕ್ಕೆ ತಕ್ಕವನೇ ಆಗುವುದುಂಟು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಈ ವಾದದಲ್ಲಿ ಒಂದು ದೋಷವುಂಟು. ಊರಿನ ವಿಶ್ವಾಸವೆಂಬುದು ಪ್ರಶ್ನೆಯಿಲ್ಲದ ವಿಶ್ವಾಸವಲ್ಲ; ಪ್ರಶ್ನೆಯನ್ನು ಕಣ್ಣೇ ಕೇಳಿ ಮುಗಿಸಿರುವ ವಿಶ್ವಾಸ. ಎದುರಿಗೆ ಬಂದವನ ಮುಖ, ನಡಿಗೆ, ದನಿ, ಅವನ ತಂದೆಯ ಹೆಸರು ಇವುಗಳೆಲ್ಲವೂ ಕ್ಷಣಮಾತ್ರದಲ್ಲಿ ಪರೀಕ್ಷಿತವಾಗುತ್ತವೆ. ಅಪರಿಚಿತನು ತೋಟದೊಳಗೆ ಕಾಣಿಸಿಕೊಂಡರೆ ಅದೇ ಊರು ಕೂಡಲೇ ಕೂಗಿ ಕೇಳುತ್ತದೆ. ಗೋಡೆಯ ತಂತಿಗೆ ಕಣ್ಣಿಲ್ಲ. ಅದರ ಮೂಲಕ ಬಂದವನ ಮುಖವು ಯಾರಿಗೂ ಕಾಣದು. ಕಣ್ಣು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಮಾತು ಮಾಡಬೇಕಾಗಿದೆ. ಆದಕಾರಣ ಹೊಸ ಬಾಗಿಲು ಹೊಸ ಅನುಮಾನವನ್ನು ತಂದಿತೆಂಬುದಕ್ಕಿಂತ, ಕುರುಡಾಗಿದ್ದ ಬಾಗಿಲಿಗೆ ದೃಷ್ಟಿಯನ್ನು ಕೊಟ್ಟಿತೆನ್ನುವುದೇ ಯುಕ್ತ.

ಇಲ್ಲಿ ಕಾಯತಕ್ಕ ವಸ್ತುವೇನೆಂಬುದನ್ನೂ ನೋಡಬೇಕು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಮಾರಾಟಕ್ಕೆ ವರ್ತಕರು ತಮ್ಮ ಬೆಲೆಯನ್ನು ಕಂಪ್ಯೂಟರಿನ ಮೂಲಕ ಟೆಂಡರಾಗಿ ಸಲ್ಲಿಸುವ ಪದ್ಧತಿ ಬಂದಿದೆ. ಇಂತಹ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯು ಕರ್ನಾಟಕದಲ್ಲಿ ೨೦೧೪ರಲ್ಲಿ ಆರಂಭವಾಯಿತು. ಟೆಂಡರಿನ ಧರ್ಮವೆಲ್ಲ ಗುಟ್ಟಿನಲ್ಲಿದೆ. ವೇಳೆ ಮುಗಿಯುವ ಮುನ್ನ ಒಬ್ಬನು ಬರೆದ ಬೆಲೆಯನ್ನು ಇನ್ನೊಬ್ಬನು ಕಂಡನೆಂದರೆ, ಒಂದು ರೂಪಾಯಿ ಹೆಚ್ಚು ಬರೆದು ಸರಕನ್ನು ಕೊಂಡುಹೋಗುತ್ತಾನೆ; ನಾಲ್ಕುನೂರು ರೂಪಾಯಿ ಹೆಚ್ಚು ಕೊಡಲು ಸಿದ್ಧನಾಗಿದ್ದವನೇ ಆ ಕಂಡವನಾಗಿದ್ದರೆ, ನಷ್ಟವು ರೈತನ ಪಾಲಿಗೆ. ಅಂತಹ ಲೆಕ್ಕ ನಡೆಯುವ ಯಾವುದೇ ಕಚೇರಿಯ ಗೋಡೆಯಲ್ಲಿ ಕೇಳುವವರಿಲ್ಲದ ತಂತಿಬಾಯಿಯೊಂದು ತೆರೆದಿದ್ದರೆ, ಅದು ಅಟ್ಟಕ್ಕೆ ಹಿತ್ತಿಲಿನಿಂದ ಇಟ್ಟ ಏಣಿಯಂತೆ. ಒಂದು ವರ್ಷ ಕಾದು ಕೊಬ್ಬರಿ ಮಾಡಿದ ಬಡ ಸಂಸಾರವು ಆ ಏಣಿಯನ್ನು ನೋಡಲಾರದು. ನೋಡಿ ಕಾಯಬೇಕಾದವರು ಬೇರೆಯವರು. ವಿಶ್ವಾಸವನ್ನು ಹೊಗಳುವ ನಾವು, ಯಾರ ಸೊತ್ತನ್ನು ಪಣವಾಗಿಟ್ಟು ಅದನ್ನು ಹೊಗಳುತ್ತಿದ್ದೇವೆಂಬುದನ್ನು ಯೋಚಿಸಬೇಕು. ತನ್ನ ಮನೆಯ ಬಾಗಿಲನ್ನು ತೆರೆದಿಡುವುದು ಔದಾರ್ಯ. ನಂಬಿ ಒಪ್ಪಿಸಿದವರ ಮನೆಯ ಬಾಗಿಲನ್ನು ತೆರೆದಿಡುವುದು ಔದಾರ್ಯವಲ್ಲ.

ಆದುದರಿಂದ ಕೇಳುವುದು ಕರ್ತವ್ಯವೆಂದು ಸಿದ್ಧವಾಯಿತು. ಇನ್ನು ಹೇಗೆ ಕೇಳಬೇಕೆಂಬುದೇ ವಿಚಾರ.

೮೦೨.೧ಎಕ್ಸ್ ವಿಧಾನದಲ್ಲಿ ಮೂವರಿರುತ್ತಾರೆ. ಬಾಗಿಲಿಗೆ ಬಂದ ಕಂಪ್ಯೂಟರು ಮೊದಲನೆಯದು; ಎಂಜಿನಿಯರುಗಳು ಇದಕ್ಕೆ ಬೇಡಿಬಂದವನು ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ; ಅರ್ಥಿ ಎನ್ನಬಹುದು. ಎರಡನೆಯದು ಸ್ವಿಚ್ಚು, ಇದು ದ್ವಾರಪಾಲಕ. ಮೂರನೆಯದು ಒಳಗೆಲ್ಲೋ ಇರುವ ಸರ್ವರು; ಸಾಮಾನ್ಯವಾಗಿ ರೇಡಿಯಸ್ ಎಂಬ ಪದ್ಧತಿಯಲ್ಲಿ ಮಾತನಾಡುವ ಇದು ನಿರ್ಣಾಯಕ. ಅರ್ಥಿಯು ಬಂದೊಡನೆ ದ್ವಾರಪಾಲಕನು "ಯಾರು?" ಎನ್ನುತ್ತಾನೆ. ಅರ್ಥಿಯ ಉತ್ತರವನ್ನು ತಾನು ತೂಗದೆ ನಿರ್ಣಾಯಕನ ಬಳಿಗೆ ಒಯ್ಯುತ್ತಾನೆ. ನಿರ್ಣಾಯಕನ ಮರುಪ್ರಶ್ನೆಯನ್ನು ಅರ್ಥಿಗೆ ತಲುಪಿಸುತ್ತಾನೆ. ಕೊನೆಗೆ "ಬಿಡು" ಎಂದರೆ ಬಿಡುತ್ತಾನೆ, "ಬೇಡ" ಎಂದರೆ ತಡೆಯುತ್ತಾನೆ. ಈ ಮಾತುಕತೆ ನಡೆಯುವವರೆಗೆ ಬಾಗಿಲಿನಲ್ಲಿ ಆ ಪ್ರಶ್ನೋತ್ತರದ ಹೊರತು ಬೇರೇನೂ ಹಾದುಹೋಗುವುದಿಲ್ಲ. ಉತ್ತಮವಾದ ಕ್ರಮಗಳಲ್ಲಿ ಅರ್ಥಿಯ ಗುಟ್ಟು ಮುಚ್ಚಿದ ಲಕೋಟೆಯಲ್ಲಿ ಹೋಗುವಂತೆ ಹೋಗುತ್ತದೆ. ನಡುವಣ ದ್ವಾರಪಾಲಕನಿಗೂ ಅದು ಕಾಣದು.

ಈ ಏರ್ಪಾಟಿನ ಔಚಿತ್ಯವನ್ನು ತಿಳಿಯಲು ಜಯವಿಜಯರ ಕಥೆಯನ್ನು ನೆನೆದರೆ ಸಾಕು. ಭಾಗವತದ ಮೂರನೆಯ ಸ್ಕಂಧದಲ್ಲಿ ಬರುವ ಈ ಕಥೆಯು ವಾಚಕರಿಗೆ ತಿಳಿದದ್ದೇ. ವೈಕುಂಠದ ಏಳನೆಯ ಬಾಗಿಲಲ್ಲಿ ನಿಂತಿದ್ದ ಇವರು ಸನಕಾದಿಗಳನ್ನು ತಡೆದರು. ಬಂದವರು ಐದು ವರ್ಷದ ಬಾಲಕರಂತೆ ಕಾಣುತ್ತಿದ್ದರು, ಮೈಮೇಲೆ ಬಟ್ಟೆಯಿರಲಿಲ್ಲ. ದ್ವಾರಪಾಲಕರು ಒಳಗೆ ಹೋಗಿ ಕೇಳಲಿಲ್ಲ. ತಾವೇ ನೋಡಿದರು, ತಾವೇ ತೀರ್ಮಾನಿಸಿದರು, ಬೆತ್ತವನ್ನು ಅಡ್ಡ ಹಿಡಿದರು. ತಡೆದದ್ದು ಅವರ ತಪ್ಪಲ್ಲ. ತಡೆಯುವುದು ಅವರ ಕೆಲಸವೇ. ಕೇಳಿ ತಿಳಿಯುವ ಮುನ್ನ ಆಕಾರವನ್ನು ನೋಡಿ ಯೋಗ್ಯತೆಯನ್ನು ನಿಶ್ಚಯಿಸಿದ್ದು ತಪ್ಪು. ಆ ಪ್ರಸಂಗದ ಅತ್ಯಂತ ಗಂಭೀರವಾದ ಭಾಗವು ಇದರ ಮುಂದಿದೆ. ಸ್ವಾಮಿಯು ತಾನೇ ಹೊರಗೆ ಬಂದು, ಸೇವಕರು ಮಾಡಿದ ಅಪರಾಧವು ತನ್ನದೇ ಎಂದು ಮುನಿಗಳ ಮುಂದೆ ಒಪ್ಪಿಕೊಂಡನು. ಸ್ವಿಚ್ಚಿಗೆ ಪಾಪಪುಣ್ಯಗಳಿಲ್ಲ. ಅದರ ಬಾಯಲ್ಲಿ ಎಂತಹ ಪ್ರಶ್ನೆಯನ್ನು ಇಟ್ಟಿದ್ದಾರೆಯೋ ಅದನ್ನು ಅದು ಕೇಳುತ್ತದೆ. ಬಾಗಿಲು ಅನ್ಯಾಯ ಮಾಡಿದರೆ ಅದನ್ನು ಅಣಿಮಾಡಿದವನೂ ಅಣಿಮಾಡಿಸಿದ ಸಂಸ್ಥೆಯೂ ಹೊರಗೆ ಬಂದು "ಇದು ನಮ್ಮ ತಪ್ಪು" ಎನ್ನಬೇಕು. "ಯಂತ್ರ ಒಪ್ಪುವುದಿಲ್ಲ" ಎಂದು ಒಳಗೆ ಕುಳಿತಿರುವುದು ಧರ್ಮವಲ್ಲ.

ಹಾಗಾದರೆ ದ್ವಾರಪಾಲಕನ ಧರ್ಮಗಳು ಯಾವುವು? ಮೊದಲನೆಯದು, ಹುಟ್ಟನ್ನು ಕೇಳದೆ ರುಜುವಾತನ್ನು ಕೇಳುವುದು.

ಪ್ರತಿಯೊಂದು ಕಂಪ್ಯೂಟರಿಗೂ ಕಾರ್ಖಾನೆಯಲ್ಲಿಯೇ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಅದನ್ನು ಮ್ಯಾಕ್ ವಿಳಾಸವೆನ್ನುತ್ತಾರೆ. ಇದು ಅದರ ಜನ್ಮಚಿಹ್ನೆಯಿದ್ದಂತೆ. ಈ ಸಂಖ್ಯೆಯನ್ನು ಪಟ್ಟಿಯಲ್ಲಿ ನೋಡಿ ಒಳಗೆ ಬಿಡುವ ಸುಲಭದ ಮಾರ್ಗವೂ ಉಂಟು. ಆದರೆ ಈ ಚಿಹ್ನೆಯನ್ನು ಬದಲಿಸಿ ಹೇಳುವುದು ಕಷ್ಟವೇನೂ ಅಲ್ಲ. ಇನ್ನೊಬ್ಬನ ಸಂಖ್ಯೆಯನ್ನು ತನ್ನದೆಂದು ಹೇಳುವ ಕಂಪ್ಯೂಟರನ್ನು ಅದರ ಮಾತಿನಿಂದ ಕಂಡುಹಿಡಿಯಲಾಗದು. ಈಚಿನ ಮೊಬೈಲುಗಳಂತೂ ಒಡೆಯನ ಗುಟ್ಟನ್ನು ಕಾಯುವುದಕ್ಕಾಗಿ ತಾವಾಗಿಯೇ ಈ ಸಂಖ್ಯೆಯನ್ನು ಬದಲಿಸಿಕೊಳ್ಳುತ್ತವೆ. ಹುಟ್ಟಿನ ಗುರುತು ಕಪಟಿಗೆ ಅಡ್ಡಿಯಲ್ಲ, ಸಾಧುವಿಗೆ ಆಧಾರವಲ್ಲ. ಎಂಜಿನಿಯರುಗಳು ಈ ಸತ್ಯವನ್ನು ತಂತಿಗಳ ನಡುವೆ ಕಂಡುಕೊಂಡರು.

ಮನುಷ್ಯರ ಬಾಗಿಲುಗಳಲ್ಲಿ ಈ ಸತ್ಯವನ್ನು ಒಪ್ಪಿಕೊಳ್ಳಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಇಲ್ಲಿ ಮರೆಮಾಚಬಾರದು. ಮೊದಲಲ್ಲಿ ಹೊಗಳಿದ ಜಗುಲಿಯು ಎಲ್ಲ ದಾರಿಹೋಕರಿಗೂ ದೊರೆಯುತ್ತಿದ್ದಿತೆಂದರೆ ಸುಳ್ಳಾದೀತು. ಅದೇ ಬಿಸಿಲಿನಲ್ಲಿ ಬಂದು, ಅದೇ ತೋಟದಲ್ಲಿ ದುಡಿದು, ಬೀದಿಯಲ್ಲಿಯೇ ನಿಂತು ಬೊಗಸೆಗೆ ನೀರು ಹುಯ್ಯಿಸಿಕೊಂಡವರಿದ್ದರು. ಅವರನ್ನು ಯಾರೂ "ನೀನು ಯಾರು?" ಎಂದು ಕೇಳಲಿಲ್ಲ; ಕೇಳುವ ಮುನ್ನವೇ ಉತ್ತರವನ್ನು ನಿಶ್ಚಯಿಸಿದ್ದರು. ದೇವಾಲಯದ ಬಾಗಿಲೂ ಹಾಗೆಯೇ ಇದ್ದಿತು; ತಿರುವಾಂಕೂರಿನ ಮಹಾರಾಜರು ದೇವಾಲಯಗಳನ್ನು ಎಲ್ಲ ಹಿಂದುಗಳಿಗೂ ತೆರೆದದ್ದು ೧೯೩೬ರಲ್ಲಿ. ಛಾಂದೋಗ್ಯದಲ್ಲಿ ಸತ್ಯಕಾಮನ ಕಥೆಯನ್ನು ಪಾಠಮಾಡುತ್ತಲೇ ಈ ಬಾಗಿಲುಗಳನ್ನು ಮುಚ್ಚಿಕೊಂಡಿದ್ದರು. ಗೌತಮನು ಗೋತ್ರವನ್ನು ಕೇಳಿದನು. ಬಾಲಕನು ತಾಯಿ ಹೇಳಿದಂತೆ "ತಿಳಿಯದು" ಎಂದನು. ಗುರುವು ಆ ಸತ್ಯವಚನವನ್ನೇ ಕುಲದ ರುಜುವಾತೆಂದು ಗ್ರಹಿಸಿ ಒಳಗೆ ಕರೆದುಕೊಂಡನು. ಬಾಗಿಲಲ್ಲಿ ಕೇಳಿದ್ದು ಹುಟ್ಟು. ಬಾಗಿಲನ್ನು ತೆರೆಸಿದ್ದು ನಡತೆ. ಅವಮಾನವೆಂಬುದು ಪ್ರಶ್ನೆಯಲ್ಲಿಲ್ಲ, ಉತ್ತರಕ್ಕೆ ಅವಕಾಶವನ್ನೇ ಕೊಡದೆ ಕಳುಹಿಸುವುದರಲ್ಲಿದೆ. ಮುಖವನ್ನು ನೋಡಿ ಒಬ್ಬನನ್ನು ಕೇಳದೆ ಬಿಡುವುದೂ, ಮುಖವನ್ನು ನೋಡಿ ಇನ್ನೊಬ್ಬನನ್ನು ಕೇಳದೆ ತಡೆಯುವುದೂ ಒಂದೇ ರೋಗದ ಎರಡು ಲಕ್ಷಣಗಳು. ಪ್ರಾಂಶುಪಾಲರಿಗೂ ಜವಾನನಿಗೂ ಒಂದೇ ಪ್ರಶ್ನೆಯನ್ನು ಒಂದೇ ದನಿಯಲ್ಲಿ ಕೇಳುವ ಬಾಗಿಲು ಯಾರನ್ನೂ ಅವಮಾನಿಸುವುದಿಲ್ಲ.

ಎರಡನೆಯ ಧರ್ಮ, ಕೇಳುವವನು ತಾನೂ ರುಜುವಾತನ್ನು ಕೊಡುವುದು. ಅಶೋಕವನದಲ್ಲಿ ಹನುಮಂತನು ರಾಮದೂತನೆಂದು ಹೇಳಿಕೊಂಡಾಗ ಸೀತೆಯು ನಂಬಲಿಲ್ಲ. ಸಂನ್ಯಾಸಿಯ ವೇಷವನ್ನು ನಂಬಿ ಭಿಕ್ಷೆ ನೀಡಿ ಒಮ್ಮೆ ಕೆಟ್ಟಿದ್ದಳು. ರಾಮಲಕ್ಷ್ಮಣರ ಲಕ್ಷಣಗಳನ್ನು ಹೇಳೆಂದಳು, ಅವನು ಹೇಳಿದನು, ಆಮೇಲೆ ಮುದ್ರೆಯುಂಗುರವನ್ನು ಕೊಟ್ಟನು. ಅಲ್ಲಿಗೇ ನಿಲ್ಲಲಿಲ್ಲ. ಅವನು ಹಿಂದಿರುಗಿ ಹೋದಾಗ ರಾಮನೂ ನಂಬಬೇಕಲ್ಲವೆ? ಅದಕ್ಕಾಗಿ ಚೂಡಾಮಣಿಯನ್ನು ಕೊಟ್ಟಳು. ತಮ್ಮಿಬ್ಬರಿಗೆ ಮಾತ್ರ ತಿಳಿದಿದ್ದ ಕಾಗೆಯ ವೃತ್ತಾಂತವನ್ನೂ ಹೇಳಿ ಕಳುಹಿಸಿದಳು. ಹೀಗೆ ಎರಡು ಕಡೆಗೂ ಗುರುತುಗಳು ನಡೆದವು. ಯಾರೂ ಇದನ್ನು ಅವಮಾನವೆಂದು ಬಗೆಯಲಿಲ್ಲ. ಜಾಲದಲ್ಲಿಯೂ ಗುಟ್ಟನ್ನು ಕೇಳುವ ಸರ್ವರು ಮೊದಲು ತನ್ನ ಪ್ರಮಾಣಪತ್ರವನ್ನು ತೋರಿಸಬೇಕು. ಅರ್ಥಿಯ ಕಂಪ್ಯೂಟರು ಅದನ್ನು ಪರೀಕ್ಷಿಸಬೇಕು. ಈ ಪರೀಕ್ಷೆಯು ತೊಡಕೆಂದು ಅದನ್ನು ಬಿಟ್ಟು ಅಣಿಮಾಡುವವರು ಬಹುಮಂದಿ ಇದ್ದಾರೆ. ಆಗ ಕಪಟಿಯೊಬ್ಬನು ಸುಳ್ಳು ಬಾಗಿಲನ್ನು ನಿಲ್ಲಿಸಿ, ಬಂದವರ ಗುಟ್ಟುಗಳನ್ನೆಲ್ಲ ಸಂಗ್ರಹಿಸಿಕೊಳ್ಳಬಹುದು. ಪ್ರಜೆಯಿಂದ ಗುರುತನ್ನು ಕೇಳಿ ತನ್ನ ಗುರುತನ್ನು ತೋರಿಸದ ಅಧಿಕಾರವು ಸೀತೆಯ ಬಾಗಿಲಿಗೆ ಬಂದ ಸಂನ್ಯಾಸಿಯಂತೆ.

ಮೂರನೆಯ ಧರ್ಮ, ಸತ್ಯವಂತನು ಕೊಡಬಲ್ಲ ರುಜುವಾತನ್ನೇ ಕೇಳುವುದು. ಇದೇ ಸೀಮೆಯ ರೈತರು ೨೦೨೪ರಲ್ಲಿ ಕ್ವಿಂಟಾಲಿಗೆ ೧೨,೦೦೦ ರೂಪಾಯಿಯ ಬೆಂಬಲ ಬೆಲೆಗೆ ಉಂಡೆ ಕೊಬ್ಬರಿಯನ್ನು ಮಾರುವುದಕ್ಕಾಗಿ ಹೆಸರನ್ನು ನೋಂದಾಯಿಸಲು ಸಾಲುಗಟ್ಟಿ ನಿಂತದ್ದು ಇನ್ನೂ ಮರೆತಿಲ್ಲ. ಬೆಳೆಗಾರನಲ್ಲದವನು ಬೆಳೆಗಾರನ ಹೆಸರಿನಲ್ಲಿ ಬರಬಾರದೆಂಬ ಉದ್ದೇಶವು ಸರಿಯಾದದ್ದೇ. ಆದರೆ ಬೆರಳಿನ ಗುರುತನ್ನು ಕೇಳುವ ಯಾವ ಯಂತ್ರದ ಮುಂದೆಯೂ ಒಂದು ಕಷ್ಟವುಂಟು: ಬದುಕೆಲ್ಲ ಕಾಯಿ ಸುಲಿದು, ಮಣ್ಣು ಅಗೆದು ಸವೆದ ಬೆರಳಿನಲ್ಲಿ ರೇಖೆಗಳು ಮಾಸಿರುತ್ತವೆ. ಯಾವನು ನಿಜವಾಗಿಯೂ ದುಡಿದಿದ್ದಾನೆಯೋ ಅವನ ಬೆರಳನ್ನೇ ಯಂತ್ರವು ಒಪ್ಪದೆ ಹೋಗುವುದುಂಟು. ದುಡಿಮೆಯೇ ದುಡಿದವನ ವಿರುದ್ಧ ಸಾಕ್ಷಿ ಹೇಳುವಂತೆ ಆಗುವುದಕ್ಕಿಂತ ಕ್ರೂರವಾದ ವಿನೋದವಿಲ್ಲ. ಜಾಲದಲ್ಲಿಯೂ ಹೀಗೆಯೇ: ಹಳೆಯ ಮುದ್ರಣಯಂತ್ರಗಳು, ಕ್ಯಾಮರಾಗಳು ಮುಂತಾದವು ಎಷ್ಟೋ ಈ ಪ್ರಶ್ನೋತ್ತರದ ಭಾಷೆಯನ್ನೇ ಅರಿಯವು. ಅವು ಕಪಟಿಗಳಲ್ಲ, ಮೂಕರು. ಬಲ್ಲವರು ಇದಕ್ಕೆ ಎರಡು ಉಪಾಯಗಳನ್ನು ಮಾಡುತ್ತಾರೆ. ಮೊದಲು ಕೆಲವು ವಾರ ಬಾಗಿಲುಗಳು ಪ್ರಶ್ನೆಯನ್ನು ಕೇಳುವಂತೆ ಮಾತ್ರ ಮಾಡಿ, ಉತ್ತರ ಬಾರದವರನ್ನು ತಡೆಯದೆ ಪಟ್ಟಿ ಬರೆದುಕೊಳ್ಳುತ್ತಾರೆ. ನಿಯಮವು ಯಾರಿಗೆ ನೋವುಂಟುಮಾಡೀತೆಂಬುದನ್ನು ನಿಯಮಕ್ಕೆ ಮುಂಚೆಯೇ ತಿಳಿದುಕೊಳ್ಳುತ್ತಾರೆ. ಆಮೇಲೆ ಮೂಕರಿಗೆ ಬೇರೆ ಗುರುತನ್ನು ಒಪ್ಪಿ, ಅವು ಮಾಡಬೇಕಾದ ಕೆಲಸಕ್ಕೆ ಬೇಕಾದಷ್ಟು ಮಾತ್ರ ದಾರಿ ಬಿಡುತ್ತಾರೆ. ಶಾಸನವನ್ನು ಮಾಡುವವರೆಲ್ಲರೂ ಈ ಎರಡು ಉಪಾಯಗಳನ್ನು ಕಲಿತರೆ ಲೋಕದಲ್ಲಿ ಎಷ್ಟೋ ಕಣ್ಣೀರು ಕಡಿಮೆಯಾದೀತು.

ಗುರುತು ಕಳೆದುಹೋದವರ ವಿಷಯವೂ ಇಲ್ಲಿಗೇ ಸೇರುತ್ತದೆ. ಉಂಗುರವು ನೀರಿನಲ್ಲಿ ಬಿದ್ದಿತೆಂದು ಶಕುಂತಲೆಯು ಶಕುಂತಲೆಯಲ್ಲದೆ ಹೋಗಲಿಲ್ಲ; ಅದೇ ಉಂಗುರವು ಮೀನಿನ ಹೊಟ್ಟೆಯಲ್ಲಿ ದೊರೆಯಿತೆಂದು ಬೆಸ್ತನು ಕಳ್ಳನೂ ಆಗಲಿಲ್ಲ. ಗುರುತು ಬೇರೆ, ಗುರುತಿನವನು ಬೇರೆ. ಗುಟ್ಟಿನ ಪದವನ್ನು ಮರೆತವನಿಗೆ ತನ್ನನ್ನು ಮತ್ತೆ ಸಾಧಿಸಿಕೊಳ್ಳುವ ಒಂದು ಮಾರ್ಗ, ಮನುಷ್ಯನೊಬ್ಬನ ಮುಂದೆ ನಿಂತು ಹೇಳಿಕೊಳ್ಳುವ ಮಾರ್ಗ, ಇದ್ದೇ ಇರಬೇಕು.

ನಾಲ್ಕನೆಯ ಧರ್ಮ, ಬಾಗಿಲಿನ ಸ್ಥಿತಿಯನ್ನು ಅರಿತು ಇಡುವುದು. ಸ್ವಿಚ್ಚಿನ ಪ್ರತಿಯೊಂದು ಪೋರ್ಟನ್ನೂ ಮೂರು ಸ್ಥಿತಿಗಳಲ್ಲಿ ಇಡಬಹುದು: ಯಾರನ್ನೂ ಕೇಳದೆ ಸದಾ ತೆರೆದದ್ದು; ಯಾರು ಏನು ಹೇಳಿದರೂ ಸದಾ ಮುಚ್ಚಿದ್ದು; ಕೇಳಿ, ತಿಳಿದು, ತೆರೆಯುವುದು ಅಥವಾ ಮುಚ್ಚುವುದು. ಮೊದಲನೆಯದು ಔದಾಸೀನ್ಯ, ಎರಡನೆಯದು ಭೀತಿ, ಮೂರನೆಯದು ವಿವೇಕ. ಮೂರನೆಯದರಲ್ಲಿಯೂ ಒಂದು ಕಠಿಣಪ್ರಶ್ನೆ ಉಂಟು. ನಿರ್ಣಾಯಕನೇ ಮೌನವಾದರೆ, ಎಂದರೆ ಸರ್ವರು ಕೆಟ್ಟರೆ, ಅಥವಾ ಅದರವರೆಗಿನ ತಂತಿ ಕಡಿದರೆ, ದ್ವಾರಪಾಲಕನು ಏನು ಮಾಡಬೇಕು? ಬಿಟ್ಟರೆ ಕಳ್ಳನೂ ಬಂದಾನು. ತಡೆದರೆ ಆಸ್ಪತ್ರೆಯ ವೈದ್ಯನೂ ಹೊರಗೆ ನಿಂತಾನು. ಯಂತ್ರವು ಇದನ್ನು ತೀರ್ಮಾನಿಸದು. ಅಣಿಮಾಡುವವನು ಮೊದಲೇ ತೀರ್ಮಾನಿಸಿ ಬರೆದಿಟ್ಟಿರಬೇಕು: ಪ್ರಾಣಕ್ಕೆ ಬೇಕಾದದ್ದು ಮುಂದೆ ಸಾಗಲಿ, ಭಂಡಾರದ ಬಾಗಿಲು ಮುಚ್ಚಿರಲಿ ಎಂದು. ರುಜುವಾತಿಲ್ಲದ ಅತಿಥಿಗಾಗಿ ಒಳಗಿನ ಯಾವುದನ್ನೂ ಮುಟ್ಟದೆ ಹೊರಲೋಕವನ್ನು ಮಾತ್ರ ನೋಡಬಹುದಾದ ಪ್ರತ್ಯೇಕ ಜಾಲವೊಂದನ್ನು ಇಡುವ ಪದ್ಧತಿಯೂ ಇದೆ. ಇದೇ ಹೊಸ ಮನೆಯ ಜಗುಲಿ. ಜಗುಲಿಯಿಲ್ಲದ ಮನೆಯಲ್ಲಿ ಹೆಬ್ಬಾಗಿಲಿನ ಪ್ರಶ್ನೆಯು ಒರಟಾಗಿ ಕೇಳಿಸುತ್ತದೆ. ಜಗುಲಿಯಿರುವಲ್ಲಿ ಅದೇ ಪ್ರಶ್ನೆಯು ಉಪಚಾರದ ಮುಂದಿನ ಮಾತಿನಂತೆ ಕೇಳಿಸುತ್ತದೆ.

ಐದನೆಯದು, ಒಮ್ಮೆ ಕೇಳಿ ನಿದ್ರಿಸದಿರುವುದು. ಒಬ್ಬನು ರುಜುವಾತನ್ನು ಕೊಟ್ಟು ಬಾಗಿಲು ತೆರೆದ ಮೇಲೆ ಅವನ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬನು ನುಗ್ಗುವುದುಂಟು. ಒಂದೇ ತಂತಿಗೆ ಸಣ್ಣ ಪೆಟ್ಟಿಗೆಯೊಂದನ್ನು ಕೂಡಿಸಿ ಇಬ್ಬರು ಬರುವ ಈ ಉಪಾಯವು ಮೊದಲಿನಿಂದಲೂ ತಿಳಿದದ್ದೇ. ೨೦೧೦ರ ಪರಿಷ್ಕಾರವು, ಒಳಗೆ ಬಂದವನ ಪ್ರತಿಯೊಂದು ಮಾತಿಗೂ ಮುದ್ರೆಯೊತ್ತುವ ಮತ್ತೊಂದು ವಿಧಾನದೊಡನೆ ಇದನ್ನು ಕೂಡಿಸಿ ಈ ಕೊರತೆಯನ್ನು ನೀಗುವ ದಾರಿ ಮಾಡಿತು. ಗೊತ್ತಾದ ವೇಳೆಗೊಮ್ಮೆ ಮತ್ತೆ ಕೇಳುವ ಏರ್ಪಾಟೂ ಇದೆ. ದ್ವಾರಪಾಲಕನಿಗೂ ನಿರ್ಣಾಯಕನಿಗೂ ನಡುವಣ ದಾರಿಯನ್ನೂ ಕಾಯಬೇಕು. ರೇಡಿಯಸ್ ಪದ್ಧತಿಯಲ್ಲಿ "ಬೇಡ" ಎಂಬ ಉತ್ತರವನ್ನು ನಡುದಾರಿಯಲ್ಲಿ "ಬಿಡು" ಎಂದು ತಿದ್ದಬಹುದಾದ ಸಂದರ್ಭಗಳಿವೆಯೆಂದು ೨೦೨೪ರಲ್ಲಿ ಸಂಶೋಧಕರು ತೋರಿಸಿದರು. ಪ್ರತಿಯೊಂದು ಪತ್ರಕ್ಕೂ ಮುದ್ರೆಯು ಕಡ್ಡಾಯವಾಗಿದ್ದ ಕಾರಣ ೮೦೨.೧ಎಕ್ಸಿನ ಪ್ರಶ್ನೋತ್ತರವು ಆ ಅಪಾಯದಿಂದ ಪಾರಾಯಿತು.

ಇಷ್ಟೆಲ್ಲ ಕೇಳುವ ಬಾಗಿಲು ಲೋಕವನ್ನು ಸಂಕುಚಿತಗೊಳಿಸುವುದೆಂದು ಶಂಕಿಸುವವರಿಗೆ ಒಂದು ಸಮಾಧಾನವುಂಟು. ೨೦೦೨ರಲ್ಲಿ ಹಾಲೆಂಡಿನ ಕ್ಲಾಸ್ ವೀರೆಂಗಾ ಎಂಬುವರು, ಒಂದು ವಿದ್ಯಾಸಂಸ್ಥೆಯವರು ಇನ್ನೊಂದಕ್ಕೆ ಹೋದಾಗ ಅಲ್ಲಿನ ಜಾಲವನ್ನು ಬಳಸುವಂತೆ ಮಾಡಲು ಇದೇ ವಿಧಾನವನ್ನು ಉಪಯೋಗಿಸಬಹುದೆಂದು ಸೂಚಿಸಿದರು. ಎಡುರೋಮ್ ಎಂಬ ಆ ವ್ಯವಸ್ಥೆಯು ಇಂದು ಬಹು ದೇಶಗಳಲ್ಲಿ ಹರಡಿದೆ. ಭಾರತದಲ್ಲಿ ಅದನ್ನು ನಡೆಸುವುದು ಎರ್ನೆಟ್ ಸಂಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಅದರಲ್ಲಿ ಸೇರಿದೆ. ಅತಿಥಿಯು ಬಂದಾಗ ಅಲ್ಲಿನ ದ್ವಾರಪಾಲಕನು ಪ್ರಶ್ನೆಯನ್ನು ಅತಿಥಿಯ ತವರು ಸಂಸ್ಥೆಗೇ ಕಳುಹಿಸುತ್ತಾನೆ. "ಇವನು ನಮ್ಮವನು" ಎಂದು ದೂರದ ತವರು ಹೇಳಿದೊಡನೆ ಪರಸ್ಥಳದ ಬಾಗಿಲು ತೆರೆಯುತ್ತದೆ. ಅವನ ಗುಟ್ಟನ್ನು ಮಾತ್ರ ಆತಿಥೇಯನು ಕಾಣುವುದಿಲ್ಲ. ಕೇಳದ ಬಾಗಿಲು ಪರಿಚಿತರಿಗಷ್ಟೇ ತೆರೆದಿರಬಲ್ಲದು. ಚೆನ್ನಾಗಿ ಕೇಳಬಲ್ಲ ಬಾಗಿಲು ಅಪರಿಚಿತನಿಗೂ ತೆರೆಯಬಲ್ಲದು.

ಆದರೂ ಬಾಗಿಲಿನ ಶಕ್ತಿಗೆ ಒಂದು ಎಲ್ಲೆಯುಂಟು. ಬಂದವನು ಯಾರೆಂಬುದನ್ನು ಅದು ತಿಳಿಯುತ್ತದೆ, ಎಂತಹವನೆಂಬುದನ್ನು ತಿಳಿಯದು. ರುಜುವಾತನ್ನು ಕೊಟ್ಟು ಒಳಗೆ ಬಂದವನು ಒಳಗೆ ಸುಳ್ಳು ಲೆಕ್ಕ ಬರೆಯಬಹುದು. ಅವನ ಹೆಸರು ನಿಜವಾದುದೆಂಬುದು ಅವನ ಲೆಕ್ಕಕ್ಕೆ ಸಾಕ್ಷಿಯಲ್ಲ. ಬಾಗಿಲನ್ನು ಭದ್ರಪಡಿಸಿದೆವೆಂದು ಒಳಗಿನ ನಡತೆಯನ್ನು ನೋಡದಿರುವ ಸಂಸ್ಥೆಯು, ಹೆಬ್ಬಾಗಿಲಿಗೆ ಅಗುಳಿ ಹಾಕಿ ಅಟ್ಟದ ಇಲಿಗಳನ್ನು ಮರೆತ ಮನೆಯಂತೆ. ಹಾಗೆಯೇ ಬಾಗಿಲಲ್ಲಿ ತಡೆಯಲ್ಪಟ್ಟವನು ಕೆಟ್ಟವನೆಂದೂ ತಿಳಿಯಬಾರದು. ಅವನು ಇನ್ನೂ ಉತ್ತರ ಕೊಟ್ಟಿಲ್ಲವೆಂದಷ್ಟೇ ಅದರ ಅರ್ಥ.

ಗ್ರಂಥಭಂಡಾರದ ಹಿರಿಯರಿಗೆ ಆ ತರುಣನು ಕೊಡಬೇಕಾಗಿದ್ದ ಉತ್ತರವು ಈಗ ಸ್ಪಷ್ಟವಾಗುತ್ತದೆ. "ಸಾರ್, ನೀವು ಯಾರೆಂಬುದು ನನಗೆ ತಿಳಿದಿದೆ. ನಿಮ್ಮ ಹೆಸರನ್ನು ಹೇಳಿಕೊಂಡು ಬೇರೆ ಯಾರೂ ಈ ಬಾಗಿಲಿಂದ ಬರದಿರಲೆಂದೇ ಇದು ಕೇಳುತ್ತಿದೆ" ಎಂದು ಅವನು ಹೇಳಬಹುದಾಗಿತ್ತು. ಅಷ್ಟರಿಂದಲೇ ಅವನ ಕೆಲಸವು ಮುಗಿಯುತ್ತಿರಲಿಲ್ಲ. ಸುತ್ತೋಲೆಯನ್ನು ಕಳುಹಿಸಿ ಕೈತೊಳೆದುಕೊಳ್ಳದೆ ಹಿಂದಿನ ವಾರವೇ ಅವರ ಬಳಿಗೆ ಹೋಗಿ, ಪಕ್ಕದಲ್ಲಿ ಕುಳಿತು, ಗುಟ್ಟಿನ ಪದವನ್ನು ಅವರೇ ಆರಿಸಿ ಬರೆಯುವಾಗ ಮುಖವನ್ನು ಆಚೆಗೆ ತಿರುಗಿಸಿಕೊಂಡು ನೆರವಾಗಬೇಕಾಗಿತ್ತು. ಯಂತ್ರಕ್ಕೆ ಹಿರಿತನವು ಕಾಣದು. ಆದುದರಿಂದಲೇ ಯಂತ್ರವನ್ನು ನಿಲ್ಲಿಸಿದವನಿಗೆ ಅದು ಕಾಣಬೇಕು. ಸಮಾನವಾಗಿ ಕೇಳುವುದು ಬಾಗಿಲಿನ ಧರ್ಮ. ಕೇಳಿಸಿಕೊಂಡವನ ಮನಸ್ಸನ್ನು ನೋಯಿಸದಂತೆ ನೋಡಿಕೊಳ್ಳುವುದು ಬಾಗಿಲನ್ನು ನಿಲ್ಲಿಸಿದವನ ಧರ್ಮ. ಈ ಎರಡೂ ಕೂಡಿದ ಮನೆಯಲ್ಲಿ ಕೊಬ್ಬರಿಯೂ ಉಳಿಯುತ್ತದೆ, ನಂಟೂ ಉಳಿಯುತ್ತದೆ.